ಹುಳಕ್ಕೆ ಕೊಟ್ಟಷ್ಟು ಗಮನ ಮನುಷ್ಯರಿಗೂ ಕೊಡಿ: ಮನೆಯವರನ್ನ ಪ್ರೀತಿ ಮಾಡೋದು ಹೆಂಗೆ

ನಮ್ಮಪ್ಪಂಗೂ ನಂಗೂ ಫೋನಲ್ಲಿ ನಡಿಯೋ ಮಾತುಕತೆ ಪೂರ್ತಿ ಇಲ್ಲೇ ಬರ್ದುಬಿಡ್ತೀನಿ, ಜಾಸ್ತಿ ಜಾಗ ಏನೂ ಬೇಕಾಗಲ್ಲ.

"ಊಟ ಆಯ್ತಾ?"

"ಆಯ್ತಪ್ಪ, ನಿಂದು?"

"ಆಯ್ತು. ಆ ಕಡೆ ಮಳೆ ಬಂತಾ?"

"ಎಲ್ಲಿ ಬರುತ್ತೆ."

"ಸರಿ, ಇಡ್ತೀನಿ."

ಮೂವತ್ತು ಸೆಕೆಂಡ್. ಮದ್ವೆಯಾಗಿ ಇಪ್ಪತ್ತು ವರ್ಷ ಆಯ್ತು, ಇಪ್ಪತ್ತು ವರ್ಷದಿಂದಲೂ ಇದೇ ರೆಕಾರ್ಡು. ನಾನು ಹುಟ್ಟಿದ್ದು ಶಿಡ್ಲಘಟ್ಟದ ಪಕ್ಕದ ಒಂದು ಹಳ್ಳೀಲಿ, ರೇಷ್ಮೆ ಹುಳ ಸಾಕೋ ಹುಳು ಮನೇಲೇ ಬೆಳೆದೋಳು ಅನ್ಬೋದು, ಈಗ ಚಿಕ್ಕಬಳ್ಳಾಪುರದಲ್ಲಿ ಒಂದು ಸಣ್ಣ ಟೈಲರಿಂಗ್ ಅಂಗಡಿ ಇಟ್ಕೊಂಡಿದೀನಿ. ಬ್ಲೌಸ್ ಹೊಲ್ಸೋಕೆ ಬರೋ ಹೆಂಗಸ್ರು ಸ್ಟೂಲ್ ಮೇಲೆ ಕೂತ್ಕೊಂಡು ಹೇಳೋ ಮಾತು ಹತ್ರಲ್ಲಿ ಆರು ಒಂದೇ, "ನಮ್ಮನೇಲಿ ಯಾರಿಗೂ ನನ್ ಮೇಲೆ ಪ್ರೀತಿನೇ ಇಲ್ಲ ಕಣಕ್ಕ." ಕೇಳಿ ಕೇಳಿ ನಂಗೆ ಒಂದು ಅನುಮಾನ ಬಂತು, ಇವ್ರಿಗೆ ಪ್ರೀತಿ ಸಿಗ್ತಿಲ್ವೋ, ಇಲ್ಲಾ ಸಿಗ್ತಿರೋದು ಕಣ್ಣಿಗೆ ಬೀಳ್ತಿಲ್ವೋ ಅಂತ. ಎರಡೂ ಇರುತ್ತೆ. ಎರಡಕ್ಕೂ ಏನು ಮಾಡ್ಬೋದು ಅಂತ ನಂಗೆ ತಿಳಿದಷ್ಟು ಬರೀತಿದೀನಿ, ನಾನೇನು ಓದಿದೋಳಲ್ಲ, ಸೂಜಿ ಹಿಡಿಯೋಳು, ತಪ್ಪಿದ್ರೆ ಬಿಚ್ಚಿ ಮತ್ತೆ ಹೊಲೀಬೋದು.

ಮೊದ್ಲು ಕೇಳಿಸ್ಕೊಳ್ಳೋದು ಕಲೀಬೇಕು

ನಮ್ಮ ಕಡೆ ಪ್ರೀತಿಗೆ ಎಷ್ಟೊಂದು ಹೆಸರಿದೆ ನೋಡಿ, ಅಕ್ಕರೆ, ಮಮತೆ, ಒಲವು, ಅಂತಃಕರಣ, ಆದ್ರೆ ಮನೆ ಒಳಗೆ ಇದ್ರಲ್ಲಿ ಒಂದನ್ನೂ ಯಾರೂ ಬಾಯಿಬಿಟ್ಟು ಹೇಳಲ್ಲ. ನಮ್ಮಜ್ಜಿ ಅರ್ಧ ತೆಲುಗು ಅರ್ಧ ಕನ್ನಡ, ಬೈಯೋದೆಲ್ಲ ಕನ್ನಡದಲ್ಲಿ, ಮುದ್ದು ಮಾಡೋದೆಲ್ಲ ತೆಲುಗಲ್ಲಿ, ಅದೂ ಏನು ಮುದ್ದು, "ತಿಂಟಿವಾ?" ಅನ್ನೋ ಒಂದೇ ಮಾತು. ತಿಂದ್ಯಾ ಅಂತ. ಅದೇ ನಮ್ಮ ಕಡೆ ಐ ಲವ್ ಯೂ. ಹಂಗಾಗಿ ಮೊದಲನೇ ಕೆಲಸ, ಒಂದು ವಾರ ಮನೇಲಿ ನಡಿಯೋ ಮಾತುಗಳನ್ನ ಸುಮ್ನೆ ಬೇರೆ ಕಿವೀಲಿ ಕೇಳಿ. "ಗಾಡಿ ನಿಧಾನ ಓಡ್ಸು", "ತಲುಪಿದ್ ತಕ್ಷಣ ಮಿಸ್ಡ್ ಕಾಲ್ ಕೊಡು", "ಆ ಚಪ್ಲಿ ಸವೆದೋಗಿದೆ ಬಿಸಾಕು", "ಇವತ್ತು ಬಸ್ಸಾರು ಮಾಡಿದೀನಿ ಬೇಗ ಬಾ", ಇವೆಲ್ಲಾ ಯಾವ ಲೆಕ್ಕಕ್ಕೆ ಬರುತ್ತೆ ಅಂತ ಯೋಚ್ನೆ ಮಾಡಿ. ತುಮಕೂರಿನ ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮೀಜಿ 2019ರ ಜನವರಿ 21ಕ್ಕೆ ತೀರ್ಕೊಂಡಾಗ, ಮಠದ ಮಕ್ಕಳ ಊಟ ಆಗೋವರೆಗೂ ಸುದ್ದಿ ಹೇಳ್ಬೇಡಿ ಅನ್ನೋದು ಅವರ ಇಚ್ಛೆ ಆಗಿತ್ತು ಅಂತ ಪೇಪರಲ್ಲೆಲ್ಲಾ ಬಂತು, ಮಧ್ಯಾಹ್ನ ಮಕ್ಕಳ ಊಟ ಆದ್ಮೇಲೇನೇ ಹೇಳಿದ್ದು. 111 ವರ್ಷ ಬದುಕಿದೋರು, ಸಾವಿರಾರು ಹುಡುಗ್ರಿಗೆ ಅನ್ನ ಹಾಕಿದೋರು, ಅವರಿಗೂ ಕೊನೇಲಿ ಉಳಿದಿದ್ದು ಊಟ ಆಯ್ತಾ ಅನ್ನೋ ಪ್ರಶ್ನೆನೇ. ಅವತ್ತಿಂದ ನಮ್ಮಪ್ಪನ ಫೋನ್ ಬಂದಾಗ ನಂಗೆ ಬೇಜಾರಾಗೋದು ಕಮ್ಮಿ ಆಯ್ತು.

ಆದ್ರೆ ಒಂದು ಎಚ್ಚರಿಕೆ. ಕೆಲವ್ರು ಇದನ್ನ ಹಿಡ್ಕೊಂಡು, ಹೊಡಿಯೋನು ಬಡಿಯೋನು ಎಲ್ಲಾರ್ದೂ "ಒಳಗೊಳಗೆ ಪ್ರೀತಿ" ಅಂತ ಸಮಾಧಾನ ಮಾಡ್ಕೋತಾರೆ. ಇಲ್ಲ. ಏಟು ಏಟೇ. ಅದಕ್ಕೆ ಬೇರೆ ಅರ್ಥ ಹುಡುಕಕ್ಕೆ ಹೋಗ್ಬೇಡಿ.

ಹುಳು ಮನೆ ಪಾಠ

ಈಗ ಕೊಡೋ ವಿಚಾರ. ಇದನ್ನ ನಾನು ಕಲ್ತಿದ್ದು ಹುಳದಿಂದ, ಅಂದ್ರೆ ಹುಳ ಸಾಕೋ ನಮ್ಮಪ್ಪನಿಂದ, ನಗ್ಬೇಡಿ. ರೇಷ್ಮೆ ಸಾಕಿದೋರಿಗೆ ಗೊತ್ತಿರುತ್ತೆ, ಗೊತ್ತಿಲ್ದೋರಿಗೆ ಹೇಳ್ತೀನಿ. ನೂರು ಮೊಟ್ಟೆ ಅಂತೀವಲ್ಲ, ಅದು ನಿಜಕ್ಕೂ ನೂರು ಚಿಟ್ಟೆ ಇಟ್ಟಿದ್ದು, ಒಂದೊಂದು ಚಿಟ್ಟೆ 400-500 ಇಡುತ್ತೆ, ಅಂದ್ರೆ ನೂರು ಮೊಟ್ಟೆ ತಂದ್ರೆ 40-50 ಸಾವಿರ ಜೀವ ಮನೆಗೆ ಬಂದಂಗೆ. ಮರಿ ಆಚೆ ಬಂದು ಗೂಡು ಕಟ್ಟೋವರೆಗೂ ಹೆಚ್ಚುಕಮ್ಮಿ 25 ದಿನ. ಆ 25 ದಿನದಲ್ಲಿ ಹುಳ ಐದು ಹಂತ ದಾಟುತ್ತೆ, ನಡುವೆ ನಾಲ್ಕು ಸಲ ಚರ್ಮ ಬಿಡುತ್ತೆ, ಅದಕ್ಕೆ ನಮ್ಮ ಕಡೆ ಜ್ವರ ಅಂತಾರೆ, ಒಂದನೇ ಜ್ವರ ಎರಡನೇ ಜ್ವರ ಅಂತ. ಮೊದಮೊದ್ಲು ಎಳೇ ಹಿಪ್ಪುನೇರಳೆ ಸೊಪ್ಪನ್ನ ಸಣ್ಣದಾಗಿ ಕತ್ರಿಸಿ ಹಾಕ್ಬೇಕು, ಬೆಚ್ಚಗಿರ್ಬೇಕು, ತೇವ ಇರ್ಬೇಕು. ಕೊನೇ ಹಂತಕ್ಕೆ ಬಂದ್ರೆ ಉಲ್ಟಾ, ತಂಪು ಬೇಕು, ಗಾಳಿ ಬೇಕು, ಬಲಿತ ಸೊಪ್ಪು ರಾಶಿ ರಾಶಿ ಬೇಕು, ಇಡೀ ಜೀವಮಾನದಲ್ಲಿ ತಿನ್ನೋ ಸೊಪ್ಪಲ್ಲಿ ನೂರಕ್ಕೆ 80ಕ್ಕೂ ಜಾಸ್ತಿ ಆ ಕೊನೇ ವಾರದಲ್ಲೇ ತಿನ್ನುತ್ತೆ. ರಾತ್ರಿ ಎಚ್ಚರ ಆದ್ರೆ ಹೊರಗೆ ಜೋರು ಮಳೆ ಅನ್ಸುತ್ತೆ, ನಮ್ಮ ಬಯಲುಸೀಮೇಲಿ ಎಲ್ಲಿಯ ಮಳೆ, ಅದು ಹುಳ ಸೊಪ್ಪು ತಿನ್ನೋ ಸದ್ದು.

ಇದ್ರಲ್ಲಿ ಪ್ರೀತಿ ಎಲ್ಲಿ ಬಂತು ಅಂತೀರಾ? ಇವತ್ತು ಸರಿಯಾಗಿದ್ದಿದ್ದು ಹತ್ತು ದಿನ ಬಿಟ್ರೆ ತಪ್ಪು. ಮರಿ ಹುಳಕ್ಕೆ ಕೊಟ್ಟಷ್ಟು ತೇವ ದೊಡ್ಡ ಹುಳಕ್ಕೆ ಕೊಟ್ರೆ ಸುಣ್ಣಕಟ್ಟು ರೋಗ ಬಂದು ಸೀಮೆಸುಣ್ಣ ಆದಂಗೆ ಗಟ್ಟಿಯಾಗಿ ಬಿದ್ದಿರುತ್ವೆ. ನಮ್ಮಪ್ಪ ಬೆಳಿಗ್ಗೆ ಎದ್ದು ಮೊದ್ಲು ನಮ್ಮನ್ನ ನೋಡ್ತಿರ್ಲಿಲ್ಲ, ಹುಳು ಮನೆ ಬಾಗ್ಲಲ್ಲಿ ಬ್ಲೀಚಿಂಗ್ ಪುಡಿ ನೀರಲ್ಲಿ ಕಾಲು ಅದ್ದಿ ಒಳಗೆ ಹೋಗಿ ಒಂದು ತಟ್ಟೆ ಎದುರಿಗೆ ಸುಮ್ನೆ ನಿಂತ್ಕೊಳ್ಳೋರು. ಏನೂ ಮಾಡ್ತಿರ್ಲಿಲ್ಲ. ನೋಡೋರು ಅಷ್ಟೇ. ಐದು ನಿಮಿಷ ನೋಡಿ ಆಮೇಲೆ ಸೊಪ್ಪಿಗೆ ಕೈ ಹಾಕೋರು. ನಾನು ಇವತ್ತಿಗೂ ಪ್ರೀತಿ ಅಂದ್ರೆ ಏನು ಅಂತ ಕೇಳಿದ್ರೆ ಆ ಐದು ನಿಮಿಷನೇ ತೋರ್ಸೋದು. ಕೊಡೋಕೆ ಮುಂಚೆ ನೋಡೋದು. ಮನಸ್ಸು ತುಂಬಿ ಬರೋದು, ಎದೆ ಡವಡವ ಅನ್ನೋದು ಎಲ್ಲಾ ಬರುತ್ತೆ ಹೋಗುತ್ತೆ, ಅದನ್ನ ಕಾಯ್ತಾ ಕೂತ್ರೆ ಹುಳ ಹಸ್ಕೊಂಡು ಸಾಯುತ್ತೆ.

ನೀವೂ ಮಾಡ್ಬೋದು. ಸಂಜೆ ಮನೆಗೆ ಹೋದ ತಕ್ಷಣ ಬಾಯಿ ಬಿಡ್ಬೇಡಿ. ಯಾರು ಎಲ್ಲಿ ಕೂತಿದಾರೆ, ಯಾರ ಮುಖ ಹೆಂಗಿದೆ, ತಟ್ಟೇಲಿ ಎಷ್ಟು ಮುದ್ದೆ ಉಳ್ದಿದೆ, ಅಮ್ಮ ಸೊಂಟದ ಮೇಲೆ ಕೈ ಇಟ್ಕೊಂಡು ನಡೀತಿದಾರಾ, ನೋಡಿ. ಆಮೇಲೆ ಮಾತಾಡಿ.

ಜ್ವರಕ್ಕೆ ಕೂತಾಗ

ಇದೇ ಎಲ್ಲದಕ್ಕಿಂತ ಕಷ್ಟದ್ದು, ಅದಕ್ಕೆ ಜಾಸ್ತಿ ಬರೀತೀನಿ. ಹುಳ ಜ್ವರಕ್ಕೆ ಕೂತಾಗ ತಿನ್ನಲ್ಲ, ಅಲ್ಲಾಡಲ್ಲ, ತಲೆ ಮೇಲಕ್ಕೆ ಎತ್ಕೊಂಡು ಒಂದು ದಿನ ಹಂಗೇ ಇರುತ್ತೆ. ಹೊಸಬರು ನೋಡಿದ್ರೆ ಅಯ್ಯೋ ಏನೋ ಆಗೋಯ್ತು ಅಂತ ಇನ್ನೊಂದಿಷ್ಟು ಸೊಪ್ಪು ಹಾಕ್ತಾರೆ, ಕೈಯಲ್ಲಿ ಎತ್ತಿ ನೋಡ್ತಾರೆ. ಅದೇ ತಪ್ಪು. ಆಗ ಸೊಪ್ಪು ಹಾಕ್ಬಾರ್ದು, ಮುಟ್ಬಾರ್ದು, ಹಾಸಿಗೆ ಒಣಗಿರ್ಬೇಕು, ಗಾಳಿ ಆಡ್ತಿರ್ಬೇಕು, ಸುಮ್ನಿರ್ಬೇಕು. ಒಳಗೆ ಅದು ಹಳೇ ಚರ್ಮ ಬಿಚ್ಚೋ ಕೆಲಸದಲ್ಲಿರುತ್ತೆ. ಹೆಚ್ಚುಕಮ್ಮಿ ಎಲ್ಲಾ ಎದ್ದ ಮೇಲೇನೇ ಮತ್ತೆ ಸೊಪ್ಪು.

ಹೋದ ವರ್ಷ ನನ್ ಮಗಳು, ಸೆಕೆಂಡ್ ಪಿಯುಸಿ, ಯಾವುದೋ ಟೆಸ್ಟಲ್ಲಿ ಮಾರ್ಕ್ಸ್ ಕಮ್ಮಿ ಬಂತೋ, ಫ್ರೆಂಡ್ ಜೊತೆ ಜಗಳ ಆಯ್ತೋ, ರೂಮ್ ಬಾಗ್ಲು ಹಾಕ್ಕೊಂಡ್ಲು. ಕೇಳಿದ್ರೆ "ಏನಿಲ್ಲಮ್ಮ." ನಾನು ಸುಮ್ನಿರೋ ಜಾತಿನಾ, ಅರ್ಧ ಗಂಟೆಗೊಂದ್ಸಲ ಬಾಗ್ಲು ತಟ್ಟೋದು, ಹಾಲು ತಂದಿದೀನಿ, ಹಣ್ಣು ಹೆಚ್ಚಿದೀನಿ, ಏನಾಯ್ತು ಹೇಳು, ನಾನು ನಿನ್ನ ಅಮ್ಮ ಅಲ್ವಾ, ನಿನ್ ವಯಸ್ಸಲ್ಲಿ ನಾನು ಇದ್ದಾಗ, ಹಿಂಗೆ. ಎರಡನೇ ದಿನ ಅವಳು ಕಿರುಚಿದ್ಲು, ನಾನು ಅತ್ತೆ, ನಮ್ಮನೆಯವ್ರು ನಿದ್ದೆ ಕೆಟ್ಟು ಎದ್ದು ಇಬ್ಬರಿಗೂ ಬೈದ್ರು. ಅವತ್ತು ಅಪ್ಪ ಯಾವುದೋ ಕೆಲಸಕ್ಕೆ ಪೇಟೆಗೆ ಬಂದಿದ್ರು, ಮನೇಲಿ ಒಂದು ಲೋಟ ಕಾಫಿ ಕುಡಿಯೋಷ್ಟರಲ್ಲಿ ಎಲ್ಲಾ ನೋಡಿದ್ರು. ಹೊರಡುವಾಗ ಚಪ್ಲಿ ಹಾಕ್ಕೊಳ್ತಾ ಅಂದಿದ್ದು ಇಷ್ಟೇ.

"ಪಾಪ ಜ್ವರಕ್ಕೆ ಕೂತವ್ಳೆ, ಬುಡು."

"ಎಷ್ಟು ದಿನ ಬಿಡೋದಪ್ಪ?"

"ಎದ್ದಾಗ ಗೊತ್ತಾಯ್ತದೆ. ಸೊಪ್ಪು ಕಿತ್ತಿಟ್ಕೊಂಡಿರು."

ಈ ಕೊನೇ ಮಾತು ಮುಖ್ಯ. ಬಿಡು ಅಂದ್ರೆ ಎದ್ದು ಹೋಗಿಬಿಡು ಅಂತಲ್ಲ. ಸೊಪ್ಪು ರೆಡಿ ಇರ್ಬೇಕು, ಯಾಕಂದ್ರೆ ಜ್ವರ ಎದ್ದ ಹುಳಕ್ಕೆ ಭಾರೀ ಹಸಿವು. ನಾನು ಬಾಗ್ಲು ತಟ್ಟೋದು ನಿಲ್ಲಿಸ್ದೆ, ಆದ್ರೆ ರಾತ್ರಿ ಹೊಲಿಗೆ ಮಿಷನ್ನು ಬಿಟ್ಟು ಮನೆ ನಡುಮನೇಲಿ ಕೈಕೆಲಸ ಮಾಡ್ತಾ ಕೂತೆ, ಕಾಜ ಹಾಕೋದು, ಹುಕ್ ಹೊಲಿಯೋದು, ಸದ್ದಿಲ್ದ ಕೆಲಸ. ಮೂರನೇ ರಾತ್ರಿ ಹನ್ನೊಂದೂವರೆಗೆ ಬಂದು ಫ್ರಿಜ್ ತೆಗೆದು ನಿಂತ್ಲು. ನಾನು ತಲೆ ಎತ್ತದೆ "ಉಪ್ಪಿಟ್ಟು ಮಾಡ್ಲಾ?" ಅಂದೆ. "ಹೂಂ" ಅಂದ್ಲು. ಈರುಳ್ಳಿ ಹೆಚ್ತಾ ಹೆಚ್ತಾ ತಾನೇ ಎಲ್ಲಾ ಹೇಳಿದ್ಲು, ಏನು ಅಂತ ಇಲ್ಲಿ ಬರಿಯಲ್ಲ, ಅವಳ್ದು ಅದು. ನಾನು ಒಂದೇ ಒಂದು ಬುದ್ಧಿಮಾತು ಹೇಳ್ಲಿಲ್ಲ, ನಾಲಿಗೆ ಕಚ್ಕೊಂಡಿದ್ದೆ.

ಆದ್ರೆ ಜ್ವರಕ್ಕೂ ರೋಗಕ್ಕೂ ವ್ಯತ್ಯಾಸ ಗೊತ್ತಿರ್ಬೇಕು, ಇದನ್ನ ದಯವಿಟ್ಟು ಓದಿ. ಹಾಲುತೊಂಡೆ ಅನ್ನೋ ರೋಗ ಬಂದ ಹುಳ ಒಂದು ಕಡೆ ಕೂರಲ್ಲ, ತಟ್ಟೆ ಅಂಚಲ್ಲೇ ಓಡಾಡ್ತಿರುತ್ತೆ, ಮೈ ಊದಿಕೊಂಡಿರುತ್ತೆ, ಅದನ್ನ ಜ್ವರ ಅಂತ ಬಿಟ್ರೆ ಇಡೀ ಬೆಳೆ ಹೋಗುತ್ತೆ. ಮನುಷ್ಯರಲ್ಲೂ ಹಂಗೇ. ಎರಡು ಮೂರು ದಿನ ಮುನಿಸು, ಮೌನ, ಬಾಗ್ಲು ಹಾಕ್ಕೊಳ್ಳೋದು ಬೇರೆ. ವಾರಗಟ್ಲೆ ಊಟ ನಿದ್ದೆ ಇಲ್ಲ, ಮುಂಚೆ ಇಷ್ಟ ಇದ್ದಿದ್ದು ಯಾವುದೂ ಬೇಡ, "ನಾನಿಲ್ದಿದ್ರೆ ಎಲ್ಲಾರ್ಗೂ ಆರಾಮ" ಅಂತ ಮಾತು, ತನ್ನ ಸಾಮಾನೆಲ್ಲಾ ಯಾರ್ಯಾರ್ಗೋ ಕೊಡೋದು, ಇದು ಬೇರೆ. ಆವಾಗ ಸುಮ್ನಿರೋದು ಪ್ರೀತಿ ಅಲ್ಲ, ಪಕ್ಕದಲ್ಲಿ ಕೂತ್ಕೊಳ್ಳಿ, ಒಬ್ಬರನ್ನೇ ಬಿಡ್ಬೇಡಿ, ನೇರವಾಗಿ ಕೇಳಿ, ಡಾಕ್ಟರ್ ಹತ್ರ ಕರ್ಕೊಂಡೋಗಿ. ಟೆಲಿ ಮಾನಸ್ ಅಂತ ಸರ್ಕಾರದ್ದೇ ಸಹಾಯವಾಣಿ ಇದೆ, 14416, ದುಡ್ಡಿಲ್ಲ, ರಾತ್ರಿ ಹಗಲು ಇರುತ್ತೆ, ಕನ್ನಡದಲ್ಲೇ ಮಾತಾಡ್ಬೋದು. ನಂಬರ್ ಫೋನಲ್ಲಿ ಸೇವ್ ಮಾಡ್ಕೊಳ್ಳಿ, ಬೇಕಾಗದೇ ಇರ್ಲಿ.

ಈ ಹೋಲಿಕೆ ಎಲ್ಲಿಗೆ ನಿಲ್ಲಿಸ್ಬೇಕು

ಹುಳ ಹಣ್ಣಾಗುತ್ತೆ, ಮೈ ತೆಳುವಾಗಿ ಒಳಗಿನದೆಲ್ಲಾ ಕಾಣೋ ಥರ ಆಗುತ್ತೆ, ಆರಿಸಿ ಚಂದ್ರಿಕೆಗೆ, ಅಂದ್ರೆ ಗೂಡು ಕಟ್ಟೋ ಬಿದಿರಿನ ತಟ್ಟಿಗೆ ಬಿಡ್ತೀವಿ, ಎರಡು ಮೂರು ದಿನ ತಲೆ ಆಡಿಸ್ತಾ ಆಡಿಸ್ತಾ ಗೂಡು ಕಟ್ಕೊಳ್ಳುತ್ತೆ. ಒಂದು ಗೂಡಲ್ಲಿ ನೂರಾರು ಮೀಟರ್ ಒಂದೇ ಎಳೆ, ಬೈವೋಲ್ಟೈನ್ ಅನ್ನೋ ಒಳ್ಳೇ ತಳಿ ಆದ್ರೆ ಸಾವಿರ ಮೀಟರ್ ಹತ್ರ. ಆಮೇಲೆ ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟು, ಹರಾಜು, ಗೂಡಿಂದ ನೂಲು ತೆಗೆಯೋ ರೀಲರ್, ಬಿಸಿನೀರು. ಚಿಟ್ಟೆ ಆಚೆ ಬಂದ್ರೆ ಎಳೆ ತುಂಡಾಗುತ್ತೆ ಅಂತ ಒಳಗಿರೋದನ್ನ ಸಾಯಿಸ್ತೀವಿ. ನಾನು ಚಿಕ್ಕೋಳಿದ್ದಾಗ ಒಂದ್ಸಲ ಅಪ್ಪನ್ನ ಕೇಳಿದ್ದೆ, ಇಷ್ಟು ಚೆನ್ನಾಗಿ ನೋಡ್ಕೊಂಡು ಆಮೇಲೆ ಹಿಂಗೆ ಮಾಡ್ತೀವಲ್ಲ ಅಂತ. "ಇದು ಸಾಕಾಣಿಕೆ" ಅಂದ್ರು, ಇನ್ನೇನೂ ಹೇಳ್ಲಿಲ್ಲ.

ಹಂಗಾಗಿ ಇಲ್ಲಿಗೆ ಹುಳ ಸಾಕು. ಗಮನ ಕಲಿಯೋಕೆ ಹುಳು ಮನೆ ಸರಿ, ಉದ್ದೇಶ ಕಲಿಯೋಕಲ್ಲ. ಗೂಡಿಗೋಸ್ಕರ ನೋಡ್ಕೊಳ್ಳೋದು ಸಾಕಾಣಿಕೆ. ನನ್ ಅಂಗಡಿಗೆ ಬರೋ ಎಷ್ಟೋ ತಾಯಂದ್ರು ಮಕ್ಕಳ ಬಗ್ಗೆ ಮಾತಾಡೋದು ಕೇಳಿದ್ರೆ ಒಂದೊಂದ್ಸಲ ಗೂಡಿನ ರೇಟ್ ಮಾತಾಡ್ದಂಗೇ ಇರುತ್ತೆ, "ಇಷ್ಟು ಖರ್ಚು ಮಾಡಿ ಓದ್ಸಿದೀವಿ, ಈಗ ನಮ್ಮ ಮಾತು ಕೇಳಲ್ಲ ಅಂದ್ರೆ?" ಅಂತ. ನಾನೂ ಅಂದಿದೀನಿ, ಸುಳ್ಳು ಹೇಳಲ್ಲ. ಪರೀಕ್ಷೆ ಮಾಡ್ಕೊಳ್ಳೋಕೆ ಒಂದು ದಾರಿ ಇದೆ, ನೀವು ಯಾರಿಗೋಸ್ಕರ ಇಷ್ಟೆಲ್ಲಾ ಮಾಡ್ತಿದೀರೋ ಅವ್ರು ನಾಳೆ ಚಿಟ್ಟೆಯಾಗಿ ನಿಮ್ಮ ಎಳೆ ಹರ್ಕೊಂಡು ಹಾರಿ ಹೋದ್ರೆ ನಿಮಗೆ ನಷ್ಟ ಅನ್ಸುತ್ತಾ, ಇಲ್ಲಾ ಹೊಟ್ಟೆ ಒಳಗೆ ಸ್ವಲ್ಪ ಸಂಕಟ ಆದ್ರೂ ನೋಡೋಕೆ ಚೆಂದ ಅನ್ಸುತ್ತಾ. ನಂಗೆ ಎರಡೂ ಅನ್ಸುತ್ತೆ. ಯಾವುದು ಜಾಸ್ತಿ ಅಂತ ದಿನಕ್ಕೊಂದು ಥರ.

ಬರೀ ಸೊಪ್ಪು ಸಾಲಲ್ಲ

ಊಟ ಹಾಕಿದ್ದೇ ಪ್ರೀತಿ ಅಂತ ಮೇಲೆ ಬರ್ದೆ, ಈಗ ಅದನ್ನೇ ಸ್ವಲ್ಪ ತಿದ್ತೀನಿ. 1950ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್ ಯೂನಿವರ್ಸಿಟೀಲಿ ಹ್ಯಾರಿ ಹಾರ್ಲೋ ಅನ್ನೋರು ಕೋತಿ ಮರಿಗಳನ್ನ ತಾಯಿಯಿಂದ ಬೇರೆ ಮಾಡಿ ಎರಡು ಬೊಂಬೆ ತಾಯಿ ಇಟ್ರು, ಒಂದು ಬರೀ ತಂತಿದು, ಅದರಲ್ಲಿ ಹಾಲಿನ ಬಾಟ್ಲಿ, ಇನ್ನೊಂದಕ್ಕೆ ಮೆತ್ತನೆ ಬಟ್ಟೆ ಸುತ್ತಿದ್ದು, ಅದರಲ್ಲಿ ಹಾಲಿಲ್ಲ. ಮರಿಗಳು ಹಸಿವಾದಾಗ ತಂತಿ ತಾಯಿ ಹತ್ರ ಹೋಗಿ ಹಾಲು ಕುಡ್ದು ವಾಪಸ್ ಬಂದು ಬಟ್ಟೆ ತಾಯಿನೇ ತಬ್ಕೊಂಡು ಕೂತಿರ್ತಿದ್ವು. ಕ್ರೂರ ಪ್ರಯೋಗ, ಆ ಮರಿಗಳ ಗತಿ ನೆನೆದ್ರೆ ಹೊಟ್ಟೆ ಉರಿಯುತ್ತೆ, ಆದ್ರೆ ತೋರ್ಸಿದ್ದು ನಿಜ. ನಮ್ಮನೆಗಳಲ್ಲಿ ಎಷ್ಟೋ ಜನ ತಂತಿ ತಾಯಿ ತಂತಿ ಅಪ್ಪ ಆಗಿಬಿಟ್ಟಿರ್ತೀವಿ, ಹಾಲು ಟೈಮಿಗೆ ಬರುತ್ತೆ, ಮೈ ಮುಟ್ಟೋದು ಮಗುಗೆ ಹತ್ತು ವರ್ಷ ಆದ್ಮೇಲೆ ನಿಂತೇ ಹೋಗುತ್ತೆ, ಗಂಡು ಮಕ್ಕಳಿಗಂತೂ ಇನ್ನೂ ಮುಂಚೆ.

ಒಮ್ಮೆಲೇ ಹೋಗಿ ತಬ್ಕೊಂಡ್ರೆ ನಮ್ಮ ಜನ ಗಾಬರಿ ಆಗ್ತಾರೆ, ಯಾರಾದ್ರೂ ಹೋಗ್ಬಿಟ್ರಾ ಅಂತ ಕೇಳ್ತಾರೆ. ಅದಕ್ಕೆ ನೆಪ ಬೇಕು. ನೆಪ ನಮ್ಮಲ್ಲಿ ಬೇಕಾದಷ್ಟಿದೆ. ಯುಗಾದಿಗೆ ಎಣ್ಣೆ ಹಚ್ಚೋದು ಇದೆಯಲ್ಲ, ಅದನ್ನ ವರ್ಷಕ್ಕೊಂದ್ಸಲ ಯಾಕೆ, ಭಾನುವಾರ ಭಾನುವಾರ ಮಾಡಿ. ವಯಸ್ಸಾದೋರ ಕಾಲುಗುರು ಕತ್ರಿಸಿ, ಅವರಿಗೆ ಬಗ್ಗೋಕಾಗಲ್ಲ, ಕೇಳೋಕೂ ನಾಚ್ಕೆ. ನಮ್ಮತ್ತೆಗೂ ನಂಗೂ ಹದಿನೈದು ವರ್ಷ ಆಗ್ತಿರ್ಲಿಲ್ಲ, ಕಾರಣ ಬರೆಯೋಕೆ ಹೋದ್ರೆ ಅದೇ ಒಂದು ಪುಸ್ತಕ ಆಗುತ್ತೆ, ಅವರಿಗೆ ಮಂಡಿ ಆಪರೇಷನ್ ಆದಾಗ ಬೇರೆ ದಾರಿ ಇಲ್ದೆ ಕಾಲಿಗೆ ಎಣ್ಣೆ ತಿಕ್ಕೋಕೆ ಶುರು ಮಾಡ್ದೆ, ಪ್ರೀತಿಯಿಂದಲ್ಲ, ಯಾರಾದ್ರೂ ಮಾಡ್ಲೇಬೇಕಿತ್ತು ಅಂತ. ಎರಡು ತಿಂಗಳಲ್ಲಿ ಏನಾಯ್ತು ಅಂದ್ರೆ ಅವರು ಬೈಯೋದು ನಿಲ್ಲಿಸ್ಲಿಲ್ಲ, ಆದ್ರೆ ಬೈಯುವಾಗ ನನ್ ಹೆಸರು ಹಿಡಿದು ಬೈಯೋಕೆ ಶುರು ಮಾಡಿದ್ರು, ಅದಕ್ಕೆ ಮುಂಚೆ "ಇವ್ಳು" ಅಂತಿದ್ರು. ನಂಗಂತೂ ಅಷ್ಟು ಸಾಕು. ಕೈ ಮೊದ್ಲು ಹೋಗುತ್ತೆ, ಮನಸ್ಸು ಹಿಂದೆ ಬರುತ್ತೆ, ಎಲ್ಲಾ ಸಲ ಅಲ್ಲ.

ಅಳತೆ ಬ್ಲೌಸ್

ಗಂಡ ಹೆಂಡ್ತಿ ವಿಚಾರಕ್ಕೆ ಬರೋಣ, ಇಲ್ಲಿ ನನ್ ಕಸುಬಿನ ಮಾತು. ಹೆಂಗಸ್ರು ಬರ್ತಾರೆ, ಹೊಸ ಬಟ್ಟೆ ಜೊತೆ ಒಂದು ಹಳೇ ಬ್ಲೌಸ್ ಕೊಟ್ಟು "ಇದೇ ಅಳತೆಗೆ ಹೊಲ್ದುಬಿಡಿ ಅಕ್ಕ" ಅಂತಾರೆ. ಆ ಬ್ಲೌಸ್ ನಾಲ್ಕು ವರ್ಷದ್ದು. ನಡುವೆ ಮಗು ಆಗಿದೆ, ಥೈರಾಯ್ಡ್ ಬಂದಿದೆ. ಹೊಲ್ದು ಕೊಟ್ರೆ ಹಿಡಿಯುತ್ತೆ, ಆಮೇಲೆ ತಪ್ಪು ನಂದು. ಈಗ ನಾನು ಅಳತೆ ಬ್ಲೌಸ್ ಇಸ್ಕೊಳ್ಳೋದೇ ಇಲ್ಲ, ಟೇಪ್ ಹಿಡಿದು ನಿಲ್ಸಿ ಮತ್ತೆ ತಗೋತೀನಿ.

ನಮ್ಮನೆಯವ್ರಿಗೆ ಟೆಂಪೋ ಇದೆ, ರಾತ್ರಿ ಹೂವು ತರಕಾರಿ ಲೋಡ್ ಮಾಡ್ಕೊಂಡು ಬೆಂಗಳೂರಿಗೆ ಹೋಗ್ತಾರೆ, ಬೆಳಿಗ್ಗೆ ಬಂದು ಮಲಗ್ತಾರೆ, ನಾನು ಅಂಗಡಿಗೆ. ದಿನಕ್ಕೆ ಇಬ್ಬರೂ ಎಚ್ಚರ ಇದ್ದು ಒಟ್ಟಿಗೆ ಇರೋದು ಸಂಜೆ ಎರಡು ಗಂಟೆ, ಅದೂ ಒಲೆ ಮುಂದೆ. ವರ್ಷಾನುಗಟ್ಲೆ ನಾನು ಅವರನ್ನ ಮದ್ವೆಯಾದಾಗಿನ ಅಳತೇಲೇ ಇಟ್ಕೊಂಡಿದ್ದೆ, ಇವ್ರಿಗೆ ಇದು ಇಷ್ಟ, ಇದು ಆಗಲ್ಲ, ಇದಕ್ಕೆ ಸಿಟ್ಟು ಬರುತ್ತೆ ಅಂತ. ಒಂದಿನ ಹಿದುಕಿದ ಬೇಳೆ ಸಾರು ಮಾಡಿದೀನಿ ಬನ್ನಿ ಅಂದ್ರೆ, "ಐದು ವರ್ಷದಿಂದ ಅವರೆ ನಂಗೆ ಗ್ಯಾಸ್ ಆಗುತ್ತೆ, ನೀನು ಇಷ್ಟಪಟ್ಟು ಮಾಡ್ತೀಯ ಅಂತ ತಿಂತಿದೀನಿ" ಅಂದ್ರು. ಅವರೆ ಸೀಸನ್ನಲ್ಲಿ ವಾರಕ್ಕೆ ಮೂರು ಸಲ ಮಾಡ್ತಿದ್ದೆ ನಾನು, ಕೂತು ಒಂದೊಂದೇ ಕಾಳು ಹಿದುಕಿ! ನಾನು ಅವರಿಗೆ ಅಂತ ಮಾಡ್ತಿದ್ದೆ, ಅವರು ನಂಗೋಸ್ಕರ ತಿಂತಿದ್ರು, ಇಬ್ಬರೂ ಪ್ರೀತಿನೇ, ಇಬ್ಬರ ಹೊಟ್ಟೆನೂ ಕೆಟ್ಟಿದ್ದು.

ಹಂಗಾಗಿ ಆರು ತಿಂಗಳಿಗೊಂದ್ಸಲ ಮತ್ತೆ ಅಳತೆ ತಗೊಳ್ಳಿ. ನಾನು ಕೇಳೋದು ಮೂರೇ, ಈಗೀಗ ನಿಮಗೆ ಯಾವುದು ಭಾರ ಅನ್ಸ್ತಿದೆ, ನಾನು ಮಾಡೋದ್ರಲ್ಲಿ ಯಾವುದು ಬೇಡ, ಯಾವುದು ಮಾಡ್ಲಿ ಅಂತ ಇದೆ. ಮೊದಲನೇ ಸಲ ನಕ್ಕರು. ಎರಡನೇ ಸಲ ಎರಡನೇ ಪ್ರಶ್ನೆಗೆ ಉದ್ದ ಉತ್ತರ ಬಂತು, ಕೇಳೋಕೆ ಸುಖ ಇರ್ಲಿಲ್ಲ.

ಇನ್ನೊಂದು, ಕರೆದಾಗ ತಿರುಗಿ. ಜಾನ್ ಗಾಟ್ಮನ್ ಅಂತ ಅಮೆರಿಕದ ಮನಃಶಾಸ್ತ್ರಜ್ಞರು ಹೊಸದಾಗಿ ಮದ್ವೆಯಾದ ಜೋಡಿಗಳನ್ನ ಕೂರ್ಸಿ ಗಮನಿಸಿ, ಆರು ವರ್ಷ ಬಿಟ್ಟು ಯಾರು ಒಟ್ಟಿಗಿದಾರೆ ಅಂತ ನೋಡಿದ್ರು. ಒಟ್ಟಿಗೆ ಉಳಿದೋರು, ಜೊತೆಯೋರು ಏನಾದ್ರೂ ಸಣ್ಣ ಮಾತು ತೆಗೆದಾಗ 100ಕ್ಕೆ 86 ಸಲ ಸ್ಪಂದಿಸಿದ್ರಂತೆ, ಬೇರೆ ಆದೋರು 33 ಸಲ. ಸಣ್ಣ ಮಾತು ಅಂದ್ರೆ ನಿಜವಾಗ್ಲೂ ಸಣ್ಣದೇ, "ನೋಡೇ ಈ ಟೊಮೇಟೊ ರೇಟು" ಅಂತ ಫೋನ್ ತೋರ್ಸೋದು, "ದಾರೀಲಿ ನವಿಲು ಸಿಕ್ತು" ಅನ್ನೋದು. ಅದಕ್ಕೆ "ಹೂಂ" ಅಂತ ಮಿಷನ್ ತುಳೀತಾ ಇರೋದು ಒಂದು, ಕಾಲು ನಿಲ್ಸಿ "ಎಲ್ಲಿ, ನಂದಿ ಹತ್ರನಾ?" ಅನ್ನೋದು ಇನ್ನೊಂದು. ಎರಡಕ್ಕೂ ಹಿಡಿಯೋದು ಐದು ಸೆಕೆಂಡೇ.

ನಂದಿ ಅಂದಮೇಲೆ ಜ್ಞಾಪಕ ಬಂತು. ಬೆಟ್ಟದ ಕೆಳಗೆ ಭೋಗನಂದೀಶ್ವರನ ದೇವಸ್ಥಾನಕ್ಕೆ ಹೊಸ ಜೋಡಿಗಳು ಆಶೀರ್ವಾದಕ್ಕೆ ಬರ್ತಾರೆ, ನಾವೂ ಹೋಗಿದ್ವಿ. ಅಲ್ಲಿ ಅರುಣಾಚಲೇಶ್ವರ ಅಂದ್ರೆ ಬಾಲ್ಯ, ಭೋಗನಂದೀಶ್ವರ ಅಂದ್ರೆ ಯೌವನ, ಎರಡರ ಮಧ್ಯೆ ಉಮಾಮಹೇಶ್ವರ, ಬೆಟ್ಟದ ಮೇಲೆ ಯೋಗನಂದೀಶ್ವರ ಅಂದ್ರೆ ಎಲ್ಲಾ ಬಿಟ್ಟ ಸ್ಥಿತಿ ಅಂತ ಹೇಳ್ತಾರೆ. ಎಲ್ಲಾರೂ ಕೆಳಗೆ ಫೋಟೋ ತೆಗೆಸ್ಕೊಂಡು ವಾಪಸ್ ಹೋಗ್ತಾರೆ. ಮದ್ವೆಯಾಗಿ ಇಪ್ಪತ್ತು ವರ್ಷ ಆದೋರು ಒಂದ್ಸಲ ಮತ್ತೆ ಹೋಗಿ ಆ ಕಲ್ಯಾಣಿ ಮೆಟ್ಲ ಮೇಲೆ ಕೂತು ಬನ್ನಿ, ಖರ್ಚಿಲ್ಲ, ಕಡ್ಲೆಕಾಯಿ ಕಟ್ಕೊಂಡು ಹೋದ್ರೆ ಆಯ್ತು.

ಹುಡುಗ್ರಿಗೆ ಎರಡು ಮಾತು

ಜಾಸ್ತಿ ಹೇಳಲ್ಲ. ಅವಳು ಬೇಡ ಅಂದ್ರೆ ಬೇಡ. ಸುಮ್ನಿದ್ರೂ ಬೇಡ ಅಂತಲೇ ಅರ್ಥ. ಬಸ್ಸ್ಟ್ಯಾಂಡಲ್ಲಿ ಕಾಯೋದು, ಫ್ರೆಂಡ್ ಹತ್ರ ನಂಬರ್ ಇಸ್ಕೊಳ್ಳೋದು, ಕೈ ಕುಯ್ಕೊಂಡು ಫೋಟೋ ಕಳ್ಸೋದು ಇದೆಲ್ಲಾ ನೀವು ಪ್ರೀತಿ ಅಂತ ಕರೀತೀರ, ಆ ಕಡೆ ಇರೋಳಿಗೆ ಅದು ಭಯ, ನಾನೂ ಹದಿನೇಳರಲ್ಲಿ ಶಿಡ್ಲಘಟ್ಟದ ಬಸ್ಸಲ್ಲಿ ಓಡಾಡ್ದೋಳೇ. ನೋವಾಗುತ್ತೆ, ಆಗ್ಲಿ, ನೋವಿನ ಜೊತೆ ಇರೋದು ಕಲೀರಿ, ಅದಕ್ಕೂ ಮೇಲೆ ಬರ್ದಿರೋ ನಂಬರ್ರೇ.

ಬಾಯಿಬಿಟ್ಟು ಹೇಳೋದು ಹೆಂಗೆ

ಇಷ್ಟೆಲ್ಲಾ ಬರ್ದ ಮೇಲೆ, ಮಾತಲ್ಲಿ ಹೇಳೋದೇ ಬೇಡ್ವಾ ಅಂತ ಮಗಳು ಕೇಳಿದ್ಲು. ಹೇಳ್ಬೇಕು, ಯಾಕಂದ್ರೆ ಎಲ್ಲಾರೂ ನನ್ನಂಗೆ ಕೂತು ಅರ್ಥ ಹುಡುಕ್ತಾ ಇರಲ್ಲ. ನಾನು ಮೊದಲನೇ ಸಲ ಪ್ರಯತ್ನ ಮಾಡಿದ್ದು ಪೂರ್ತಿ ಕೆಡ್ತು. ಅಪ್ಪಂಗೆ ಫೋನ್ ಮಾಡಿ, ಮಳೆ ವಿಚಾರ ಆದ್ಮೇಲೆ, "ಅಪ್ಪ, ನೀನಂದ್ರೆ ನಂಗೆ ತುಂಬಾ ಪ್ರೀತಿ ಕಣಪ್ಪ" ಅಂದೆ. ಆ ಕಡೆ ಸದ್ದಿಲ್ಲ. ಆಮೇಲೆ ಗಾಬರೀಲಿ "ಬಿಪಿ ಚೆಕ್ ಮಾಡಿಸ್ದ್ಯಾ?" ಅಂದ್ರು. ಅರ್ಧ ಗಂಟೆ ಬಿಟ್ಟು ನಮ್ಮನೆಯವ್ರಿಗೆ ಫೋನ್ ಮಾಡಿ ನಿಮ್ಮಿಬ್ಬರ ಮಧ್ಯೆ ಏನಾದ್ರೂ ಆಯ್ತಾ ಅಂತ ಬೇರೆ ವಿಚಾರಿಸಿದ್ರಂತೆ.

ತಪ್ಪು ಎಲ್ಲಾಯ್ತು ಅಂತ ಯೋಚ್ನೆ ಮಾಡ್ದೆ. ಪ್ರೀತಿ ಅನ್ನೋ ಪದ ದೊಡ್ಡ ಸೈಜು, ಯಾರ ಮೈಗೂ ಸರಿ ಕೂರಲ್ಲ. ಅವರಿಗೆ ಅಂತ ಅಳತೆ ತೆಗೆದು ಹೊಲೀಬೇಕು. ಅವರು ಮಾಡಿದ್ದು ಒಂದೇ ಒಂದು ಕೆಲಸ, ಯಾವತ್ತು, ಎಲ್ಲಿ, ಅದು ನಿಮಗೆ ಗೊತ್ತಿತ್ತು ಅನ್ನೋದು, ಅಷ್ಟು ಹೇಳಿ ಸಾಕು. ಥ್ಯಾಂಕ್ಸ್ ಬೇಡ, ಮುಖ ನೋಡ್ಕೊಂಡೂ ಬೇಡ, ಪಕ್ಕಪಕ್ಕ ಕೂತು ಏನಾದ್ರೂ ಕೆಲಸ ಮಾಡ್ತಿದ್ರೆ ಸುಲಭ, ಸೊಪ್ಪು ಬಿಡಿಸ್ತಾ, ಗಾಡೀಲಿ ಹೋಗ್ತಾ. ದೂರ ಇದ್ರೆ ಫೋನೇ.

ಅಪ್ಪ ಈಗ ಹುಳ ಸಾಕಲ್ಲ, ಮಂಡಿ ಕೈಕೊಟ್ಟಿದೆ, ಹುಳು ಮನೇಲಿ ಈಗ ರಾಗಿ ಮೂಟೆ, ಹಳೇ ಚಂದ್ರಿಕೆ. ಹೋದ ತಿಂಗಳು ಫೋನ್ ಮಾಡಿದ್ರು. ಊಟ ಆಯ್ತು, ಮಳೆ ಇಲ್ಲ. ಇಡ್ತೀನಿ ಅನ್ನೋಕೆ ಮುಂಚೆ ನಾನು ಅಂದೆ, "ಅಪ್ಪ, ಆವಾಗೆಲ್ಲಾ ರಾತ್ರಿ ಎದ್ದು ಹುಳಕ್ಕೆ ಸೊಪ್ಪು ಹಾಕಿ ಬರುವಾಗ ನಂಗೆ ಕಂಬಳಿ ಸರಿ ಮಾಡಿ ಹೊದಿಸಿ ಹೋಗ್ತಿದ್ದೆಯಲ್ಲ, ನಾನು ಎಚ್ಚರ ಇರ್ತಿದ್ದೆ."

ಮತ್ತೆ ಸದ್ದಿಲ್ಲ. ಹಿಂದೆ ಎಲ್ಲೋ ಹಸು ಕೂಗಿದ್ದು ಕೇಳಿಸ್ತು.

"ಗೊತ್ತಿತ್ತು" ಅಂದ್ರು. "ನಿದ್ದೆ ಮಾಡೋರು ಕಣ್ಣು ಅಷ್ಟು ಬಿಗಿ ಮುಚ್ಕೊಂಡಿರಲ್ಲ."

ನಂಗೆ ಏನು ಹೇಳ್ಬೇಕೋ ಗೊತ್ತಾಗ್ಲಿಲ್ಲ. "ಸರಿ, ಇಡ್ತೀನಿ" ಅಂದ್ರು. ಫೋನ್ ನೋಡ್ದೆ, ಒಂದು ನಿಮಿಷ ಹನ್ನೆರಡು ಸೆಕೆಂಡ್.